ಗಿರಣಿ ಊರಿನ ಜೋಡಿ ಕೊರಳು

ಜಾರ್ಜ್ ಬಿಝೆ ಶ್ರೀಲಂಕೆಯ ನೆಲ ಮೆಟ್ಟಿದವನಲ್ಲ. ಆದರೂ 1863ರ ಸೆಪ್ಟೆಂಬರ್ 30ರಂದು, ಇನ್ನೂ ಇಪ್ಪತ್ತೈದು ತುಂಬುವ ಮೊದಲೇ, ಈ ಫ್ರೆಂಚ್ ಯುವಕ ಸಿಲೋನಿನ ಕಡಲತಡಿಯ ಕಥೆಯೊಂದನ್ನು ಪ್ಯಾರಿಸ್ಸಿನ ರಂಗಕ್ಕೆ ತಂದ. ಮುತ್ತು ತೆಗೆಯುವವರನ್ನು ಕುರಿತ ಆ ಒಪೆರಾದ ಮೊದಲ ಅಂಕದಲ್ಲಿ ನಾದಿರ್ ಮತ್ತು ಜುರ್ಗಾ ಎಂಬ ಹಳೆಯ ಗೆಳೆಯರು ಬಹುಕಾಲದ ಮೇಲೆ ಎದುರಾಗುತ್ತಾರೆ. ಹಿಂದೊಮ್ಮೆ ದೇಗುಲದಲ್ಲಿ ಮುಸುಕು ಹೊದ್ದ ಹೆಣ್ಣೊಬ್ಬಳನ್ನು ಕಂಡು ಇಬ್ಬರೂ ಮರುಳಾಗಿದ್ದವರು. ಇನ್ನು ನಮ್ಮ ಸ್ನೇಹ ಕೆಡಕೂಡದು ಎಂದು ಆಣೆಯಿಟ್ಟು ಕೂಡಿ ಹಾಡುತ್ತಾರೆ. ಒಬ್ಬನದು ಏರುದನಿಯ ಟೆನರ್, ಇನ್ನೊಬ್ಬನದು ತುಂಬುದನಿಯ ಬ್ಯಾರಿಟೋನ್. ಕಥೆಯಲ್ಲಿ ಹುರುಳು ಕಡಿಮೆ, ಹಾಡಿನಲ್ಲಿ ಬೇಕಾದಷ್ಟಿದೆ. ಒಪೆರಾ ಮನೆಯ ಮೆಟ್ಟಿಲು ಹತ್ತದ ಎಷ್ಟೋ ಮಂದಿ ಬ್ರಿಟನ್ನಿನಲ್ಲಿ ಈ ಹಾಡನ್ನು ಬಲ್ಲರು, ಅದೂ ಒಂದು ಪದವನ್ನೂ ಕೇಳದೆ. ಬ್ರಾಸ್ ಬ್ಯಾಂಡಿನ ಕಛೇರಿಯಲ್ಲಿ ಕಾರ್ನೆಟ್ಟೋ ಟ್ರಾಂಬೋನೋ ನಾದಿರ್ ಆಗುತ್ತದೆ. ಜುರ್ಗಾನ ಪಾಲು ಯುಫೋನಿಯಂಗೆ ಬರುತ್ತದೆ.

ಯುಫೋನಿಯಂ ಕಣ್ಣಿಗೆ ಬಿದ್ದಿದ್ದರೂ ಹೆಸರು ಗೊತ್ತಿಲ್ಲದವರೇ ನಮ್ಮಲ್ಲಿ ಹೆಚ್ಚು. ಪೊಲೀಸ್ ಬ್ಯಾಂಡಿನಲ್ಲಿ, ಮಂಗಳೂರು ಕಡೆಯ ಚರ್ಚ್ ಹಬ್ಬದ ಮೆರವಣಿಗೆಯಲ್ಲಿ, ಮದುವೆ ದಿಬ್ಬಣದ ಬ್ಯಾಂಡ್ ಸೆಟ್ಟಿನಲ್ಲಿ, ಹಿಂದಿನ ಸಾಲಿನವನು ಹಸುಗೂಸನ್ನು ಎತ್ತಿಕೊಂಡ ಹಾಗೆ ಎದೆಗವಚಿಕೊಂಡು ಊದುವ ಹಿತ್ತಾಳೆ ವಾದ್ಯ ಅದು. ಟ್ಯೂಬಾಕ್ಕಿಂತ ಚಿಕ್ಕದು, ಅಗಲವಾದ ಬಾಯಿ ಆಕಾಶಕ್ಕೆ ತೆರೆದಿರುತ್ತದೆ. ಉತ್ತರ ಪ್ರದೇಶದ ಮೀರತ್‌ನಲ್ಲಿ ಜಾಲಿ ಕೋಠಿ ಎಂಬ ಬಡಾವಣೆಯೇ ಇಂಥ ವಾದ್ಯಗಳನ್ನು ತಟ್ಟಿ ಬಗ್ಗಿಸಿ ದೇಶಕ್ಕೆಲ್ಲ ಕಳಿಸುತ್ತದೆ. ಆದರೆ ದಿಬ್ಬಣದ ಟ್ರಂಪೆಟ್ಟು, ಡ್ರಮ್ಮು, ಪಟಾಕಿಗಳ ನಡುವೆ ಅದರ ದನಿ ನಮ್ಮ ಕಿವಿಯವರೆಗೆ ಬಂದರೆ ಪುಣ್ಯ. ಆ ದನಿಗೆ ನೆಮ್ಮದಿಯಾಗಿ ಹಾಡಲು ಜಾಗ ಸಿಕ್ಕಿದ್ದು ಉತ್ತರ ಇಂಗ್ಲೆಂಡಿನ ಗಿರಣಿ ಊರುಗಳಲ್ಲಿ, ಯಾರ್ಕ್‌ಶೈರ್ ಮತ್ತು ವೇಲ್ಸಿನ ಗಣಿ ಕೇರಿಗಳಲ್ಲಿ.

ಅಲ್ಲಿನ ಬ್ರಾಸ್ ಬ್ಯಾಂಡಿನಲ್ಲಿ ಊದುವವರು ಇಪ್ಪತ್ತೈದು ಮಂದಿ. ಪಿಟೀಲಿಲ್ಲ, ಕ್ಲಾರಿನೆಟ್ಟಿಲ್ಲ. ಹಿತ್ತಾಳೆ ಬ್ಯಾಂಡ್ ಎನ್ನುತ್ತಾರಾದರೂ ಟ್ರಂಪೆಟ್ ಕೂಡ ಇಲ್ಲ. ಕಾರ್ನೆಟ್ಟುಗಳು ಒಂಬತ್ತು, ಮೇಲೊಂದು ಸೊಪ್ರಾನೊ ಕಾರ್ನೆಟ್, ಒಂದು ಫ್ಲೂಗಲ್‌ಹಾರ್ನ್, ಮೂರು ಟೆನರ್ ಹಾರ್ನ್, ಎರಡು ಬ್ಯಾರಿಟೋನ್, ಎರಡು ಯುಫೋನಿಯಂ, ಮೂರು ಟ್ರಾಂಬೋನ್, ತಳದಲ್ಲಿ ನಾಲ್ಕು ಬೇಸ್. ಜೊತೆಗೆ ತಾಳವಾದ್ಯದವರು. ಒಂದು ಬೇಸ್ ಟ್ರಾಂಬೋನ್ ಬಿಟ್ಟರೆ ಎಲ್ಲರ ಹಾಳೆಯಲ್ಲೂ ಸ್ವರಲಿಪಿ ಒಂದೇ ಬಗೆಯದು. ವಾಲ್ವ್ ಇರುವ ಯಾವ ವಾದ್ಯವಾದರೂ ಸರಿ, ಕಾಗದದ ಮೇಲೆ ಅದೇ ಸ್ವರ ಕಂಡರೆ ಅದೇ ಬೆರಳು ಒತ್ತಬೇಕು. ಇದರ ಹಿಂದೆ ಗಿರಣಿಯ ಲೆಕ್ಕಾಚಾರವಿದೆ. ಯುಫೋನಿಯಂನವನು ಕಾಯಿಲೆ ಬಿದ್ದರೆ ಕಾರ್ನೆಟ್ಟಿನವನನ್ನು ಆ ಕುರ್ಚಿಗೆ ಕೂರಿಸಿದರಾಯಿತು. ತುಟಿ ಪಳಗಬೇಕು ಅಷ್ಟೇ, ಓದುವುದನ್ನು ಹೊಸದಾಗಿ ಕಲಿಯಬೇಕಿಲ್ಲ.

ಆದರೆ ಒಬ್ಬನೇ ಎದ್ದು ನಿಂತು ನುಡಿಸುವವನಿಗೆ ಇದೇ ಕಷ್ಟ. ಆರ್ಕೆಸ್ಟ್ರಾದ ಮುಂದೆ ನಿಂತ ಪಿಯಾನೊ ವಾದಕನ ದನಿ ಹಿಂದಿನವರ ದನಿಯೊಳಗೆ ಕಳೆದುಹೋಗುವುದಿಲ್ಲ. ಇಲ್ಲಿ ಹಿಂದೆ ಕೂತವರದೂ ಹಿತ್ತಾಳೆ, ಮುಂದೆ ನಿಂತವನದೂ ಹಿತ್ತಾಳೆ. ಬನಿಯಲ್ಲೇ ಬೇರೆಯಾಗಬೇಕು. ಇಬ್ಬರು ನಿಂತರಂತೂ ಹಿಂದಿನವರಿಂದಲೂ ಬೇರೆಯಾಗಬೇಕು, ಪಕ್ಕದವನೊಂದಿಗೆ ಹೊಂದಬೇಕು, ಅವನಲ್ಲಿ ಕರಗಿಯೂ ಹೋಗಬಾರದು.

ಈ ಜೋಡಿ ವಾದನ ಬ್ಯಾಂಡಿಗೆ ಬಂದದ್ದು ಒಪೆರಾದ ದಾರಿಯಿಂದ ಎಂಬುದು ನನ್ನ ಎಣಿಕೆ. 1853ರಲ್ಲಿ ಮ್ಯಾಂಚೆಸ್ಟರಿನ ಬೆಲ್ ವ್ಯೂ ಉದ್ಯಾನದಲ್ಲಿ ಬ್ಯಾಂಡುಗಳ ದೊಡ್ಡ ಸ್ಪರ್ಧೆ ಶುರುವಾಯಿತು. ಮೊದಲ ವರ್ಷ ಗೆದ್ದದ್ದು ಮಾಸ್ಲಿ ಎಂಬ ಊರಿನ ಬ್ಯಾಂಡ್; ಕುಡಿತ ಬಿಡಿಸುವ ಟೆಂಪರೆನ್ಸ್ ಚಳವಳಿಯವರದು. ಅವರು ನುಡಿಸಿದ್ದು ಅಡಾಲ್ಫ್ ಸ್ಯಾಕ್ಸ್ ರೂಪಿಸಿದ ಸ್ಯಾಕ್ಸ್‌ಹಾರ್ನುಗಳನ್ನು, ಅಂದರೆ ಯುಫೋನಿಯಂನ ಒಡಹುಟ್ಟುಗಳನ್ನು. 1855ರಲ್ಲಿ ಬ್ರಾಡ್‌ಫರ್ಡ್ ಬಳಿಯ ಕ್ವೀನ್ಸ್‌ಬರಿಯಲ್ಲಿ ಜಾನ್ ಫಾಸ್ಟರ್ ಎಂಬ ಗಿರಣಿ ಮಾಲೀಕ ಬ್ಲ್ಯಾಕ್ ಡೈಕ್ ಬ್ಯಾಂಡಿಗೆ ಆಸರೆಯಾಗಿ ನಿಂತ. 1860ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ಸ್ಪರ್ಧೆಗೆ ಉತ್ತರದಿಂದ ರೈಲು ತುಂಬಿಕೊಂಡು ಬ್ಯಾಂಡುಗಳು ಹೋದವು. ಅಲ್ಲೆಲ್ಲ ನುಡಿಸುತ್ತಿದ್ದುದು ಏನು? ರೊಸ್ಸಿನಿ, ಡೊನಿಝೆಟ್ಟಿ, ಮೇಯರ್‌ಬೇರ್, ವೆರ್ಡಿ. ಒಪೆರಾಗಳಿಂದ ಚೆಂದದ ಭಾಗಗಳನ್ನು ಹೆಕ್ಕಿ ಪೋಣಿಸಿದ ಮಾಲೆಗಳು. ಬ್ಯಾಂಡಿಗೆಂದೇ ಬರೆದ ಗಟ್ಟಿ ಕೃತಿಯೊಂದು, ಪರ್ಸಿ ಫ್ಲೆಚರ್‌ನ 'ಲೇಬರ್ ಅಂಡ್ ಲವ್', ಕ್ರಿಸ್ಟಲ್ ಪ್ಯಾಲೇಸಿನ ಸ್ಪರ್ಧೆಗೆ ಬರಲು 1913 ಆಗಬೇಕಾಯಿತು.

ಹಗಲೆಲ್ಲ ಮಗ್ಗದ ಸದ್ದಿನಲ್ಲಿ ನಿಂತವನು ಸಂಜೆ ವೆರ್ಡಿಯ ರಾಜನೋ ತಂದೆಯೋ ಆಗುತ್ತಿದ್ದ. ನಾಯಕಿಯ ಹಾಡು ಕಾರ್ನೆಟ್ಟಿಗೆ, ಗಂಡುದನಿಯ ಹಾಡು ಯುಫೋನಿಯಂಗೆ ಅಥವಾ ಟ್ರಾಂಬೋನಿಗೆ ಎಂದು ಪಾತ್ರ ಹಂಚಿಕೆ ಆಗಿಹೋಯಿತು. ಬ್ಯಾಂಡಿನಲ್ಲಿ ಬ್ಯಾರಿಟೋನ್ ಎಂಬ ಹೆಸರಿನ ವಾದ್ಯ ಬೇರೆಯೇ ಇದೆ. ಅದರ ಕೊಳವೆ ತೆಳು, ದನಿಯೂ ತೆಳು. ಹಾಡುವ ಬ್ಯಾರಿಟೋನಿನ ಕೆಲಸ ಮಾತ್ರ ಯುಫೋನಿಯಂನದು. ಪಾಪ, ಹೆಸರು ಒಬ್ಬನದು, ದುಡಿಮೆ ಇನ್ನೊಬ್ಬನದು.

ಬಿಝೆಯ ಹಾಡನ್ನು ಟ್ರಾಂಬೋನ್ ಮತ್ತು ಯುಫೋನಿಯಂ ಜೋಡಿ ನುಡಿಸಿದಾಗ ನಡೆಯುವುದು ಅತ್ಯಂತ ಸ್ವಾರಸ್ಯದ್ದು. ಎರಡರ ಕೊಳವೆಯನ್ನೂ ಬಿಡಿಸಿ ನೆಲಕ್ಕೆ ಹಾಸಿದರೆ ಉದ್ದ ಒಂದೇ, ಸುಮಾರು ಒಂಬತ್ತು ಅಡಿ. ಹಾಗಾಗಿ ಶ್ರುತಿ ಒಂದೇ, ಸ್ಥಾಯಿಯೂ ಹೆಚ್ಚುಕಡಿಮೆ ಒಂದೇ. ಆದರೆ ಟ್ರಾಂಬೋನಿನ ಕೊಳವೆ ಬಹುದೂರ ಒಂದೇ ಅಗಲದಲ್ಲಿ ಸಾಗಿ ಕೊನೆಗೆ ಬಾಯಿಯ ಹತ್ತಿರ ಅರಳುತ್ತದೆ. ಯುಫೋನಿಯಂನದು ವಾಲ್ವುಗಳ ಜಾಗ ದಾಟಿದ ಮೇಲೆ ಹಂತಹಂತವಾಗಿ ಅಗಲವಾಗುತ್ತಲೇ ಹೋಗುತ್ತದೆ. ವ್ಯತ್ಯಾಸ ಇಷ್ಟೇ, ಪರಿಣಾಮ ಬಲು ದೊಡ್ಡದು. ಜೋರಾಗಿ ಊದಿದಾಗ ನೆಟ್ಟನೆಯ ಕೊಳವೆಯೊಳಗೆ ಸಾಗುವ ಒತ್ತಡದ ಅಲೆಯ ಮುಂಭಾಗ ಹೋಗುತ್ತ ಹೋಗುತ್ತ ಕಡಿದಾಗುತ್ತದೆ. ಮೇಲಿನ ಉಪಸ್ವರಗಳು ಬಲಗೊಂಡು ಝಗ್ಗನೆ ಹೊಳೆಯುವ, ತುಸು ಸೀಳಿದಂತಿರುವ ದನಿ ಹೊರಬರುತ್ತದೆ. ಅಗಲವಾಗುತ್ತ ಹೋಗುವ ಕೊಳವೆಯಲ್ಲಿ ಅಲೆಯ ಒತ್ತಡ ಬೇಗ ಹರಡಿಕೊಳ್ಳುವುದರಿಂದ ಆ ಸೀಳು ಹುಟ್ಟುವುದು ಕಷ್ಟ. ಯುಫೋನಿಯಂ ಎಷ್ಟೇ ಜೋರಾದರೂ ದುಂಡಗೇ ಇರುತ್ತದೆ.

ಹಾಗಾಗಿ ಇಬ್ಬರೂ ಒಂದೇ ಸ್ವರ ಹಿಡಿದರೂ ಯಾರು ಯಾರೆಂದು ಗೊತ್ತಾಗುತ್ತದೆ. ಅದೇ ಹಾಡಿನ ಕೊನೆಯಲ್ಲಿ ದನಿ ಏರಿದಾಗ ಟ್ರಾಂಬೋನಿನವನು ತನ್ನ ಹೊಳಪನ್ನು ತಡೆದು ಹಿಡಿಯಬೇಕು, ಇಲ್ಲವಾದರೆ ಗೆಳೆಯರ ಆಣೆ ಗೆಳೆಯರ ಜಗಳವಾಗಿ ಕೇಳುತ್ತದೆ. ಇತ್ತ ಯುಫೋನಿಯಂನವನು ಸ್ವರವನ್ನು ನಡುಗಿಸುವುದರಲ್ಲಿ ಹದ ಮೀರಬಾರದು. ಬ್ರಾಸ್ ಬ್ಯಾಂಡಿನವರ ಈ ಕಂಪಿತ ಆರ್ಕೆಸ್ಟ್ರಾದವರ ಕಿವಿಗೆ ಹಿಡಿಸುವುದಿಲ್ಲ, ಅತಿಯಾಯಿತು ಎನ್ನುತ್ತಾರೆ. ನನಗೋ, ಕಂಪಿತವಿಲ್ಲದ ಯುಫೋನಿಯಂ ಉಪ್ಪಿಲ್ಲದ್ದು.

ಎರಡು ಯುಫೋನಿಯಂಗಳು ಜೊತೆಯಾದರೆ ಸಮಸ್ಯೆಯೇ ಬೇರೆ. ಈಗ ಬಣ್ಣದ ವ್ಯತ್ಯಾಸವಿಲ್ಲ, ಶ್ರುತಿಯ ಪರೀಕ್ಷೆ ಇದೆ. ವಾಲ್ವ್ ಒತ್ತಿದರೆ ಗಾಳಿ ಹೆಚ್ಚುವರಿ ಕೊಳವೆಯ ಸುತ್ತೊಂದನ್ನು ಹಾದು ಬರುತ್ತದೆ, ಸ್ವರ ಇಳಿಯುತ್ತದೆ. ಆದರೆ ಆ ಸುತ್ತಿನ ಅಳತೆಯನ್ನು ಇಟ್ಟಿರುವುದು ಬೇರೆ ಯಾವ ವಾಲ್ವೂ ಒತ್ತದ ಕೊಳವೆಯ ಲೆಕ್ಕಕ್ಕೆ. ಎರಡು ಮೂರು ವಾಲ್ವ್ ಒಟ್ಟಿಗೆ ಒತ್ತಿದಾಗ ವಾದ್ಯವೇ ಉದ್ದವಾಗಿರುತ್ತದೆ, ಸುತ್ತುಗಳ ಉದ್ದ ಅದಕ್ಕೆ ಸಾಲುವುದಿಲ್ಲ, ಸ್ವರ ಏರಿಬಿಡುತ್ತದೆ. 1874ರಲ್ಲಿ ಲಂಡನ್ನಿನ ಬೂಸಿ ಕಂಪನಿಯ ಡೇವಿಡ್ ಬ್ಲೇಕ್ಲಿ ಇದಕ್ಕೊಂದು ಜಾಣ ಪರಿಹಾರದ ಹಕ್ಕುಪತ್ರ ಪಡೆದ: ಬೇಕಾದಾಗ ಗಾಳಿ ವಾಲ್ವುಗಳೊಳಗೆ ಇನ್ನೊಮ್ಮೆ ಹಾದು, ಚಿಕ್ಕ ಚಿಕ್ಕ ಹೆಚ್ಚುವರಿ ಸುತ್ತುಗಳಲ್ಲಿ ಕೊರತೆ ತುಂಬಿಕೊಂಡು ಬರುವಂತೆ ಮಾಡಿದ. ಇಂದಿಗೂ ಒಳ್ಳೆಯ ಯುಫೋನಿಯಂ ತಯಾರಾಗುವುದು ಅದೇ ತತ್ವದ ಮೇಲೆ. ನಾಲ್ಕನೆಯ ವಾಲ್ವ್ ಪಕ್ಕದಲ್ಲಿರುತ್ತದೆ, ಅದು ಎಡಗೈಗೆ.

ಯಂತ್ರ ಎಷ್ಟು ತಿದ್ದಿದರೂ ಉಳಿದದ್ದನ್ನು ತುಟಿ ತಿದ್ದಬೇಕು. ಒಬ್ಬನ ಸ್ವರ ಸೆಕೆಂಡಿಗೆ 440 ಕಂಪನ, ಇನ್ನೊಬ್ಬನದು 442 ಆದರೆ ಸೆಕೆಂಡಿಗೆ ಎರಡು ಸಲ ದನಿ ಉಬ್ಬಿ ಇಳಿಯುವುದು ಸಭೆಯ ಕೊನೆಯ ಕುರ್ಚಿಗೂ ಕೇಳುತ್ತದೆ. ತಂಬೂರಿ ಶ್ರುತಿ ಮಾಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಈ ಪರೀಕ್ಷೆಯಲ್ಲಿ ಹೆಸರು ಮಾಡಿದವರು ವೇಲ್ಸಿನ ಅಣ್ಣತಮ್ಮಂದಿರು, ರಾಬರ್ಟ್ ಮತ್ತು ನಿಕೋಲಸ್ ಚೈಲ್ಡ್ಸ್. ಅಪ್ಪನೇ ಮೊದಲ ಗುರು. ಯಾರ್ಕ್‌ಶೈರಿನ ಗ್ರೈಮ್‌ಥಾರ್ಪ್ ಗಣಿಯ ಬ್ಯಾಂಡಿನಲ್ಲಿ ನುಡಿಸಿದವರು. ಮುಂದೆ ರಾಬರ್ಟ್ ಬ್ಲ್ಯಾಕ್ ಡೈಕ್‌ನ ಮುಖ್ಯ ಯುಫೋನಿಯಂ ವಾದಕರಾದರು. ನಿಕೋಲಸ್ 2000ದಲ್ಲಿ ಅದೇ ಬ್ಯಾಂಡಿನ ಸಂಗೀತ ನಿರ್ದೇಶಕರಾದರು. 1980ರ ದಶಕದಲ್ಲಿ ಇವರ ಜೋಡಿ ಧ್ವನಿಮುದ್ರಿಕೆಗಳು ಬಂದ ಮೇಲೆ, ಬ್ಯಾಂಡಿನ ಎರಡನೇ ಯುಫೋನಿಯಂ ಎಂದರೆ ಬರೀ ಜೊತೆ ಊದುವವನಲ್ಲ ಎಂಬುದು ಎಲ್ಲರಿಗೂ ಕಿವಿಯಾರೆ ತಿಳಿಯಿತು. ಪೀಟರ್ ಗ್ರಹಾಂ 'ಬ್ರಿಲ್ಲಾಂಟೆ' ಬರೆದದ್ದು ಇವರಿಗಾಗಿ. 'ರೂಲ್ ಬ್ರಿಟಾನಿಯಾ' ಎಂಬ ಹಳೆಯ ದೇಶಭಕ್ತಿಯ ಧಾಟಿಯನ್ನು ಇಬ್ಬರೂ ಓಟದ ಸ್ವರಗಳಲ್ಲಿ ಎಸೆದಾಡುತ್ತಾರೆ. ಕೈಚಳಕದ ಆಟ, ಸಭೆ ಎದ್ದು ನಿಲ್ಲುತ್ತದೆ. ಆಮೇಲೆ ಅದನ್ನೇ ಒಬ್ಬರು ನುಡಿಸುವಂತೆಯೂ ಮಾಡಿದರು, ಈಗ ಹೆಚ್ಚಾಗಿ ಕೇಳುವುದು ಆ ರೂಪದಲ್ಲೇ. ಒಬ್ಬರಿಗೆ ಇಳಿಸಿದರೂ ಕೆಡದ ಕೃತಿ ನಿಜಕ್ಕೂ ಜೋಡಿ ಕೃತಿಯಾಗಿತ್ತೇ ಎಂದು ನನಗೆ ಅನುಮಾನ. ಬಿಝೆಯ ಹಾಡನ್ನು ಹಾಗೆ ಒಬ್ಬರಿಗೆ ಇಳಿಸಲು ಬರುವುದಿಲ್ಲ.

ಸಾಲ್ವೇಶನ್ ಆರ್ಮಿ ಎಂಬ ಕ್ರೈಸ್ತ ಸಂಘಟನೆಯ ಕಥೆಯನ್ನೂ ಇಲ್ಲಿ ಹೇಳಬೇಕು. 1878ರಲ್ಲಿ ಸಾಲ್ಸ್‌ಬರಿಯಲ್ಲಿ ಅದರ ಬೀದಿ ಪ್ರಚಾರಕರ ಮೇಲೆ ಪುಂಡರು ಬೀಳುತ್ತಿದ್ದಾಗ ಚಾರ್ಲ್ಸ್ ಫ್ರೈ ಎಂಬ ಕಟ್ಟಡ ಕಂಟ್ರಾಕ್ಟರ್ ಮತ್ತವನ ಮೂವರು ಗಂಡುಮಕ್ಕಳು ಕಾವಲಿಗೆ ನಿಂತರು. ಬರುವಾಗ ಹಿತ್ತಾಳೆ ವಾದ್ಯಗಳನ್ನೂ ತಂದಿದ್ದರು. ಅಲ್ಲಿಂದ ಹುಟ್ಟಿದ ಬ್ಯಾಂಡ್ ಪರಂಪರೆ ತನ್ನದೇ ಸಂಗೀತ ಬರೆಸಿಕೊಂಡಿತು. ನಾರ್ಮನ್ ಬೇರ್‌ಕ್ರಾಫ್ಟ್ ಅವರ 'ಟೈಮ್‌ಪೀಸ್' ಎಂಬ ಯುಫೋನಿಯಂ ಜೋಡಿ ಕೃತಿ ಆ ಮನೆಯದು. ದಶಕಗಳ ಕಾಲ ಆ ಸ್ವರಲಿಪಿಗಳನ್ನು ಹೊರಗಿನ ಬ್ಯಾಂಡುಗಳಿಗೆ ಕೊಡುತ್ತಲೇ ಇರಲಿಲ್ಲ.

ಆರ್ಕೆಸ್ಟ್ರಾ ಮಾತ್ರ ಯುಫೋನಿಯಂಗೆ ಕಾಯಂ ಕುರ್ಚಿ ಹಾಕಲೇ ಇಲ್ಲ. ರಿಚರ್ಡ್ ಸ್ಟ್ರೌಸ್ 'ಡಾನ್ ಕಿಹೋಟೆ'ಯಲ್ಲಿ ಸಾಂಚೊ ಪಾಂಜಾನ ಪಾತ್ರಕ್ಕೆ ಟೆನರ್ ಟ್ಯೂಬಾ ಬರೆದ, ಹೋಲ್ಸ್ಟ್ 'ದಿ ಪ್ಲಾನೆಟ್ಸ್'ನ ಮಂಗಳ ಗ್ರಹದ ಭಾಗದಲ್ಲಿ ಬರೆದ. ಅಂಥ ದಿನ ಆ ಪಾಲು ಊದಲು ಯುಫೋನಿಯಂನವನಿಗೆ ಕರೆ ಹೋಗುತ್ತದೆ, ಮರುದಿನ ಮರೆಯುತ್ತಾರೆ. ಜೋಸೆಫ್ ಹೊರೊವಿಟ್ಜ್ 1972ರಲ್ಲಿ ಬರೆದ ಕನ್ಸರ್ಟೊ ಕೂಡ ಬ್ರಾಸ್ ಬ್ಯಾಂಡಿನೊಂದಿಗೆ ನುಡಿಸಲೆಂದು ಬರೆದದ್ದೇ. ಅದನ್ನು ಮೊದಲು ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನುಡಿಸಿದವರು ಟ್ರೆವರ್ ಗ್ರೂಮ್. ಜೊತೆಗಿದ್ದದ್ದು ಪಾದರಕ್ಷೆ ಕಂಪನಿಯೊಂದರ ಬ್ಯಾಂಡ್.

ಆಶ್ರಯ ಕೊಟ್ಟ ಗಿರಣಿ, ಗಣಿಗಳು ಹೋದವು. 1992ರ ಅಕ್ಟೋಬರ್‌ನಲ್ಲಿ ಗಣಿ ಮುಚ್ಚುವ ಸುದ್ದಿ ಬಂದ ಕೆಲವೇ ದಿನಗಳಲ್ಲಿ ಗ್ರೈಮ್‌ಥಾರ್ಪ್ ಬ್ಯಾಂಡ್ ರಾಷ್ಟ್ರೀಯ ಸ್ಪರ್ಧೆ ಗೆದ್ದಿತು. ಅದರಿಂದ ಪ್ರೇರಣೆ ಪಡೆದ 'ಬ್ರಾಸ್ಡ್ ಆಫ್' ಸಿನಿಮಾ 1996ರಲ್ಲಿ ಬಂತು. ಗಣಿ 1993ರಲ್ಲಿ ಮುಚ್ಚಿತು, ಬ್ಯಾಂಡ್ ಈಗಲೂ ಇದೆ. ಈ ಸ್ಪರ್ಧೆಗಳ ಒಂದು ಪದ್ಧತಿ ನನಗೆ ಬಹಳ ಮೆಚ್ಚುಗೆ: ತೀರ್ಪುಗಾರರು ಮರೆಯಲ್ಲಿ, ಬಟ್ಟೆ ಕಟ್ಟಿದ ಗೂಡಿನೊಳಗೆ ಕೂತಿರುತ್ತಾರೆ. ಯಾವ ಊರಿನ ಬ್ಯಾಂಡ್, ಯಾರ ಮಗ ನುಡಿಸುತ್ತಿದ್ದಾನೆ ಎಂಬುದು ಅವರಿಗೆ ಕಾಣುವುದಿಲ್ಲ. ನಮ್ಮ ಕೆಲವು ಸ್ಪರ್ಧೆಗಳಿಗೂ ಅಂಥದ್ದೊಂದು ಗೂಡು ಹೊಲಿಸಬಹುದಿತ್ತು.

ಹಿಂದೆ ಗಂಡಸರದೇ ಆಗಿದ್ದ ಈ ಕುರ್ಚಿಗಳಲ್ಲಿ ಈಗ ಹೆಣ್ಣುಮಕ್ಕಳೂ ಇದ್ದಾರೆ. ಇಂಗ್ಲೆಂಡಿನ ಸ್ಟೀವನ್ ಮೀಡ್ ಮತ್ತು ಜಪಾನಿನಿಂದ ಬಂದ ಮಿಸಾ ಮೀಡ್ ದಂಪತಿ ಯುಫೋನಿಯಂ ಜೋಡಿಯಾಗಿ ಕಛೇರಿ ಕೊಡುತ್ತಾರೆ. ಮಿಸಾ ಸ್ವತಃ ಕೃತಿಗಳನ್ನು ರಚಿಸುತ್ತಾರೆ. ರಾಬರ್ಟ್ ಚೈಲ್ಡ್ಸ್ ಅವರ ಮಗ ಡೇವಿಡ್, ಆರ್ಕೆಸ್ಟ್ರಾಗಳ ಮುಂದೆಯೇ ನಿಂತು ನುಡಿಸುವಷ್ಟು ದೂರ ಈ ವಾದ್ಯವನ್ನು ಕರೆದೊಯ್ದಿದ್ದಾರೆ. ಡೇವಿಡ್ ಅವರಿಗಾಗಿಯೇ ವೇಲ್ಸಿನ ಕಾರ್ಲ್ ಜೆಂಕಿನ್ಸ್ ಕನ್ಸರ್ಟೊ ಬರೆದರು.

ಕೇಳಬೇಕೆನ್ನುವವರು ಓಟದ ತುಣುಕುಗಳನ್ನು ಆಮೇಲೆ ನೋಡಿಕೊಳ್ಳಲಿ, ಟ್ರಾಂಬೋನ್ ಮತ್ತು ಯುಫೋನಿಯಂನ ನಿಧಾನದ ಹಾಡಿನಿಂದ ಶುರುಮಾಡಲಿ. ಮೊದಲ ಸಲ ಮೇಲಿನ ದನಿಯ ಹಿಂದೆ ಹೋಗಿ, ಎರಡನೇ ಸಲ ಕೆಳಗಿನದರ ಹಿಂದೆ. ಫೋನಿನ ಸಣ್ಣ ಸ್ಪೀಕರ್ ಮಾತ್ರ ಬೇಡ. ಅದು ಮಂದ್ರದ ಸ್ವರಗಳನ್ನು ನುಂಗಿಬಿಡುತ್ತದೆ, ಆಗ ಜುರ್ಗಾ ಯಾರು, ನಾದಿರ್ ಯಾರು ಎಂದು ಹೇಳುವುದು ಕಷ್ಟ. ಹೆಡ್‌ಫೋನ್ ಇದ್ದರೆ ಒಳ್ಳೆಯದು, ಸಾಧಾರಣದ್ದಾದರೂ ಸಾಕು.