ಪ್ರಾಟೆಸ್ಟಂಟ್ ಪಂಥಭೇದಗಳು: ಕಾರಣ ಮತ್ತು ವಿಮರ್ಶೆ

ಕ್ರೈಸ್ತಮತದ ಇತಿಹಾಸವನ್ನು ವ್ಯಾಸಂಗ ಮಾಡುವವರಿಗೆ ಎದುರಾಗುವ ತೊಡಕುಗಳಲ್ಲಿ ಪ್ರಾಟೆಸ್ಟಂಟ್ ಪಂಥಗಳ ಬಾಹುಳ್ಯವೂ ಒಂದು. ಲೂಥರನ್, ರಿಫಾರ್ಮ್ಡ್, ಆಂಗ್ಲಿಕನ್, ಪ್ರೆಸ್ಬಿಟೇರಿಯನ್, ಬ್ಯಾಪ್ಟಿಸ್ಟ್, ಮೆಥಡಿಸ್ಟ್, ಪೆಂಟೆಕಾಸ್ಟಲ್ ಎಂದು ಹೆಸರುಗಳು ಬೆಳೆಯುತ್ತಲೇ ಹೋಗುತ್ತವೆ. ಒಂದೇ ಗ್ರಂಥವನ್ನು ಪರಮಪ್ರಮಾಣವೆಂದು ಒಪ್ಪಿದವರು ಇಷ್ಟು ಕವಲುಗಳಾದುದು ಹೇಗೆ? ಧರ್ಮದ ದೃಷ್ಟಿಯಿಂದ ಈ ಭೇದವನ್ನು ದೋಷವೆನ್ನಬೇಕೆ, ಸ್ವಾತಂತ್ರ್ಯಕ್ಕೆ ತೆತ್ತ ಬೆಲೆಯೆನ್ನಬೇಕೆ? ಈ ಎರಡು ಪ್ರಶ್ನೆಗಳನ್ನು ಕ್ರಮವಾಗಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಒಂದೇ ಪ್ರಸ್ಥಾನತ್ರಯಕ್ಕೆ ಶಂಕರ, ರಾಮಾನುಜ, ಮಧ್ವರು ಭಿನ್ನವಾದ ಭಾಷ್ಯಗಳನ್ನು ರಚಿಸಿದುದನ್ನು ಬಲ್ಲ ನಮ್ಮ ಓದುಗರಿಗೆ, ವ್ಯಾಖ್ಯಾನಭೇದದಿಂದ ಮತಭೇದ ಹುಟ್ಟುವುದು ಅಪರಿಚಿತವಾದ ಸಂಗತಿಯಲ್ಲ. ಆದರೆ ಕ್ರೈಸ್ತರಲ್ಲಿ ಈ ಭೇದಕ್ಕೆ ಬೇರೊಂದು ತೀಕ್ಷ್ಣತೆಯಿದೆ. ಅವರ ನಂಬಿಕೆಯಲ್ಲಿ ಸಭೆಯೆಂಬುದು ಕ್ರಿಸ್ತನ ಶರೀರ, ಶರೀರವು ಒಂದೇ. ತನ್ನನ್ನು ನಂಬಿದವರೆಲ್ಲರೂ ಒಂದಾಗಿರಲಿ ಎಂದು ಕ್ರಿಸ್ತನು ಪ್ರಾರ್ಥಿಸಿದನೆಂದು ಯೋಹಾನನ ಸುವಾರ್ತೆಯ ೧೭ನೆಯ ಅಧ್ಯಾಯ ತಿಳಿಸುತ್ತದೆ. ಗುರುಗಳ ಹೆಸರು ಹಿಡಿದು ಪಕ್ಷ ಕಟ್ಟಿದ ಕೊರಿಂಥದವರನ್ನು ಪೌಲನು ಕಠಿನವಾಗಿ ಖಂಡಿಸಿದನು. ಹೀಗಿರಲಾಗಿ, ಪಂಥಭೇದವು ಆ ಮತಕ್ಕೆ ತನ್ನ ಮೂಲವಚನದೊಡನೆಯೇ ಬಂದೊದಗಿದ ವಿರೋಧವಾಗಿದೆ.

ಪಂಥಗಳ ಎಣಿಕೆಯ ವಿಷಯದಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. ೨೦೦೧ರಲ್ಲಿ ಹೊರಬಂದ ಒಂದು ಇಂಗ್ಲಿಷ್ ಕ್ರೈಸ್ತ ವಿಶ್ವಕೋಶದ ಲೆಕ್ಕದಂತೆ ಲೋಕದಲ್ಲಿ ೩೩,೦೦೦ಕ್ಕೂ ಹೆಚ್ಚು ಕ್ರೈಸ್ತ ಪಂಗಡಗಳಿವೆ. ಖಂಡನಕಾರರು ಈ ಸಂಖ್ಯೆಯನ್ನು ಪ್ರಾಟೆಸ್ಟಂಟರೊಬ್ಬರ ತಲೆಗೇ ಕಟ್ಟುವುದುಂಟು. ಅದು ನ್ಯಾಯವಲ್ಲ. ಆ ಲೆಕ್ಕದಲ್ಲಿ ಒಂದೇ ಸಭೆಯನ್ನು ದೇಶದೇಶಕ್ಕೂ ಬೇರೆಯಾಗಿ ಎಣಿಸಲಾಗಿದೆ; ಒಂದೇ ಆಗಿರುವ ರೋಮನ್ ಕ್ಯಾಥೊಲಿಕ್ ಸಭೆಯೂ ಅಲ್ಲಿ ಇನ್ನೂರಕ್ಕೂ ಮೀರಿದ ಪಂಗಡಗಳಾಗಿ ಕಾಣುತ್ತದೆ. ಸಂಖ್ಯೆಯನ್ನು ಬದಿಗಿಟ್ಟು ಕಾರಣಗಳನ್ನು ನೋಡುವುದೇ ಯುಕ್ತವಾದ ಮಾರ್ಗ.

೧. ಒಡಕಿನ ಆರಂಭ

ಪ್ರಾಟೆಸ್ಟಂಟ್ ಎಂಬ ಹೆಸರು ಹುಟ್ಟಿದ್ದು ೧೫೨೯ರ ಏಪ್ರಿಲಿನಲ್ಲಿ. ಜರ್ಮನಿಯ ಸ್ಪೈಯರ್ ನಗರದ ರಾಜಸಭೆಯ ತೀರ್ಮಾನವನ್ನು ಆರು ಮಂದಿ ಪ್ರಭುಗಳೂ ಹದಿನಾಲ್ಕು ನಗರಗಳೂ ಪ್ರತಿಭಟಿಸಿದುದರಿಂದ ಆ ಪಕ್ಷಕ್ಕೆ ಈ ನಾಮಧೇಯ ಬಂದಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಆ ಪಕ್ಷವು ಇಬ್ಭಾಗವಾದುದು ಗಮನಾರ್ಹ. ಹೆಸ್ಸೆಯ ಪ್ರಭುವಾದ ಫಿಲಿಪ್ಪನು ಮಾರ್ಬುರ್ಗಿನ ತನ್ನ ಕೋಟೆಗೆ ಮಾರ್ಟಿನ್ ಲೂಥರನನ್ನೂ ಜ್ಯೂರಿಕ್ಕಿನ ಉಲ್ರಿಕ್ ಜ್ವಿಂಗ್ಲಿಯನ್ನೂ ಕರೆಸಿದನು. ಹದಿನೈದು ವಿಷಯಗಳನ್ನು ಕುರಿತ ಚರ್ಚೆಯಲ್ಲಿ ಹದಿನಾಲ್ಕರಲ್ಲಿ ಅವರಿಗೆ ಸಹಮತ ದೊರೆಯಿತು. ಕೊನೆಯದು ಪ್ರಭುಭೋಜನ ಸಂಸ್ಕಾರ. ಅದರಲ್ಲಿಯೂ ಬಹುಭಾಗ ಒಪ್ಪಿಗೆಯಾಗಿ, ರೊಟ್ಟಿ ದ್ರಾಕ್ಷಾರಸಗಳಲ್ಲಿ ಕ್ರಿಸ್ತನ ಶರೀರವು ನಿಜವಾಗಿ ಸನ್ನಿಹಿತವಾಗಿದೆಯೇ ಎಂಬ ಪ್ರಶ್ನೆಯೊಂದು ಉಳಿಯಿತು. ಇದೆಯೆಂದು ಲೂಥರನು ಹಟಹಿಡಿದನು. ಕ್ರಿಸ್ತನ ವಾಕ್ಯವು ಲಾಕ್ಷಣಿಕವಾದುದೆಂದು ಜ್ವಿಂಗ್ಲಿ ವಾದಿಸಿದನು. ವಾಚ್ಯಾರ್ಥ ಲಕ್ಷ್ಯಾರ್ಥಗಳ ಈ ಒಂದು ಭೇದದಿಂದ ಲೂಥರನ್ ಮತ್ತು ರಿಫಾರ್ಮ್ಡ್ ಎಂಬ ಎರಡು ಮಹಾಶಾಖೆಗಳು ಬೇರೆಯಾದುವು. ಯೂರೋಪಿನ ಈ ಎರಡು ಶಾಖೆಗಳು ಪರಸ್ಪರ ಪ್ರಭುಭೋಜನದ ಪಂಕ್ತಿಯನ್ನು ವಿಧಿವತ್ತಾಗಿ ತೆರೆದುದು ೧೯೭೩ರ ಲಾಯನ್‌ಬೆರ್ಗ್ ಒಡಂಬಡಿಕೆಯಲ್ಲಿ. ಎಂದರೆ ೪೪೪ ವರ್ಷಗಳ ತರುವಾಯ.

ಇದಕ್ಕೂ ಮೊದಲೇ ಜ್ಯೂರಿಕ್ಕಿನಲ್ಲಿ ಇನ್ನೊಂದು ಬಿರುಕು ಕಾಣಿಸಿತ್ತು. ಶಿಶುಗಳಿಗೆ ದೀಕ್ಷಾಸ್ನಾನ ಕೊಡುವುದಕ್ಕೆ ಗ್ರಂಥಾಧಾರವಿಲ್ಲವೆಂದು ಜ್ವಿಂಗ್ಲಿಯ ಶಿಷ್ಯರಲ್ಲೇ ಕೆಲವರು ೧೫೨೫ರಲ್ಲಿ ವಯಸ್ಕರಿಗೆ ದೀಕ್ಷೆ ಕೊಟ್ಟರು. ಅವರಲ್ಲೊಬ್ಬನಾದ ಫೆಲಿಕ್ಸ್ ಮಾಂಟ್ಸ್‌ನನ್ನು ನಗರಾಧಿಕಾರಿಗಳು ೧೫೨೭ರ ಜನವರಿಯಲ್ಲಿ ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಂದರು. ರೋಮಿನ ಅಧಿಕಾರದಿಂದ ಮನಸ್ಸಾಕ್ಷಿಯನ್ನು ಬಿಡಿಸಿಕೊಂಡವರು ತಮ್ಮಿಂದ ಭಿನ್ನವಾದ ಮನಸ್ಸಾಕ್ಷಿಯನ್ನು ಸಹಿಸಲಾರದೆ ಹೋದರು.

೨. ಕಾರಣಗಳ ವಿಂಗಡಣೆ

ಮೇಲ್ಕಂಡ ಘಟನೆಗಳಿಂದ ಮೊದಲನೆಯ ಕಾರಣ ಸ್ಪಷ್ಟವಾಗುತ್ತದೆ. ಗ್ರಂಥವೊಂದೇ ಪ್ರಮಾಣವೆಂದ ಮೇಲೆ, ಅದರ ಅರ್ಥದಲ್ಲಿ ವಿವಾದ ಬಂದಾಗ ತೀರ್ಪು ಕೊಡುವವರು ಯಾರು? ರೋಮಿನ ಸಭೆಯಲ್ಲಿ ಪೋಪ್ ಮತ್ತು ಧರ್ಮಪರಿಷತ್ತುಗಳಿದ್ದುವು. ಸುಧಾರಕರಲ್ಲಿ ಎಲ್ಲರೂ ಒಪ್ಪುವ ಅಂತಹ ನ್ಯಾಯಸ್ಥಾನವಿರಲಿಲ್ಲ. ಎರಡನೆಯದು ಆಡಳಿತಕ್ರಮ. ಸಭೆಯನ್ನು ಬಿಷಪ್ ಆಳಬೇಕೆಂದು ಆಂಗ್ಲಿಕನರು, ಹಿರಿಯರ ಮಂಡಲಿ ಆಳಬೇಕೆಂದು ಪ್ರೆಸ್ಬಿಟೇರಿಯನರು, ಪ್ರತಿಯೊಂದು ಸ್ಥಳೀಯ ಸಭೆಯೂ ಸ್ವತಂತ್ರವೆಂದು ಕಾಂಗ್ರಿಗೇಷನಲ್ ಪಂಥದವರು ನಿರ್ಣಯಿಸಿದರು. ಮೂರನೆಯದು ರಾಜ್ಯದ ಹಸ್ತಕ್ಷೇಪ. ಇಂಗ್ಲೆಂಡಿನ ೧೬೬೨ರ ಏಕರೂಪತಾ ಶಾಸನದ ಕಾಲದಲ್ಲಿ ಸುಮಾರು ೨,೦೦೦ ಮಂದಿ ಬೋಧಕರು ಸ್ಥಾನ ಕಳೆದುಕೊಂಡರು. ಬೋಧಕನನ್ನು ಭೂಮಾಲಿಕನು ನೇಮಿಸುವ ಹಕ್ಕನ್ನು ವಿರೋಧಿಸಿ ೧೮೪೩ರಲ್ಲಿ ಸ್ಕಾಟ್ಲೆಂಡಿನ ೪೫೦ಕ್ಕೂ ಹೆಚ್ಚು ಬೋಧಕರು ರಾಷ್ಟ್ರೀಯ ಸಭೆಯನ್ನು ತೊರೆದರು. ಅವರ ಪರಂಪರೆಯ ಬಹುಭಾಗ ಮತ್ತೆ ಅದನ್ನು ಕೂಡಿದ್ದು ೧೯೨೯ರಲ್ಲಿ. ನಾಲ್ಕನೆಯದಾದ ಸಾಮಾಜಿಕ ಕಾರಣವನ್ನು ಮುಂದೆ ವಿವೇಚಿಸಲಾಗುವುದು.

೩. ಹೊರಗಿನ ವಿಮರ್ಶೆ: ಬೊಸ್ಯುಯೆ

ಈ ಭೇದಗಳ ಮೇಲೆ ಹೊರಗಿನಿಂದ ಬಂದ ಪ್ರಬಲವಾದ ಖಂಡನೆ ಫ್ರಾನ್ಸಿನ ಮೋ ನಗರದ ಬಿಷಪ್ ಬೊಸ್ಯುಯೆಯದು. ೧೬೮೮ರಲ್ಲಿ ಪ್ರಕಟವಾದ ಅವನ ಗ್ರಂಥವು ಪ್ರಾಟೆಸ್ಟಂಟ್ ಸಭೆಗಳ ಮತಪರಿವರ್ತನೆಗಳ ಚರಿತ್ರೆಯನ್ನು ಅವರವೇ ವಿಶ್ವಾಸಪತ್ರಗಳಿಂದ ನಿರೂಪಿಸಿತು. ಅವನ ತರ್ಕದ ಸಾರವಿಷ್ಟು: ಸತ್ಯವು ದೇವರಿಂದ ಬಂದುದಾದ್ದರಿಂದ ಮೊದಲೇ ಪೂರ್ಣವಾಗಿದೆ, ಮಾರ್ಪಡುವುದು ಸತ್ಯವಲ್ಲ, ಈ ಸಭೆಗಳು ಮಾರ್ಪಟ್ಟಿವೆ, ಆದುದರಿಂದ ಇವುಗಳಲ್ಲಿ ಸತ್ಯವಿಲ್ಲ.

ತೀರ್ಪುಗಾರನಿಲ್ಲದ ಕಡೆ ವಿವಾದ ಮುಗಿಯದೆಂಬ ಅಂಶದಲ್ಲಿ ಈ ವಾದ ಬಲವಾಗಿದೆ; ಇದನ್ನು ಪ್ರಾಟೆಸ್ಟಂಟರೂ ಅಲ್ಲಗಳೆಯುವಂತಿಲ್ಲ. ಆದರೆ ಮಾರ್ಪಾಡೇ ಅಸತ್ಯದ ಲಕ್ಷಣವೆಂಬ ಎರಡನೆಯ ವಾಕ್ಯ ನಿಲ್ಲತಕ್ಕದ್ದಲ್ಲ. ಜಾನ್ ಹೆನ್ರಿ ನ್ಯೂಮನ್ ೧೮೪೫ರಲ್ಲಿ ಆಂಗ್ಲಿಕನ್ ಸಭೆಯನ್ನು ಬಿಟ್ಟು ರೋಮನ್ ಸಭೆಯನ್ನು ಸೇರಿದಾಗ ಬರೆದ ಗ್ರಂಥದಲ್ಲಿ, ಸಿದ್ಧಾಂತವು ಬೀಜದಂತೆ ಕಾಲಕ್ರಮದಲ್ಲಿ ವಿಕಾಸ ಹೊಂದುತ್ತದೆಂದೇ ಸಾಧಿಸಿದನು. ಇದನ್ನೊಪ್ಪಿದರೆ, ವಿಕಾಸ ಯಾವುದು ವಿಕಾರ ಯಾವುದು ಎಂಬುದೇ ಪ್ರಶ್ನೆಯಾಗುತ್ತದೆ. ಬದಲಾವಣೆಯಾಯಿತೆಂದು ತೋರಿಸಿದ ಮಾತ್ರಕ್ಕೆ ವಾದ ಮುಗಿಯದು. ಇನ್ನೊಂದು ವಿಷಯವನ್ನೂ ಮರೆಯಲಾಗದು. ಗ್ರಂಥ ಪ್ರಕಟವಾಗುವುದಕ್ಕೆ ಮೂರು ವರ್ಷ ಮುಂಚೆ, ೧೬೮೫ರಲ್ಲಿ, ಹದಿನಾಲ್ಕನೆಯ ಲೂಯಿ ದೊರೆಯು ಪ್ರಾಟೆಸ್ಟಂಟರಿಗಿದ್ದ ನಾಂತ್ ಶಾಸನದ ರಕ್ಷಣೆಯನ್ನು ರದ್ದುಮಾಡಿದ್ದನು. ಬೊಸ್ಯುಯೆ ಅದನ್ನು ಶ್ಲಾಘಿಸಿದನು. ರಾಜದಂಡದಿಂದ ಸಾಧಿಸಿದ ಐಕ್ಯವನ್ನು ಕ್ರಿಸ್ತನ ಪ್ರಾರ್ಥನೆಯ ಫಲವೆಂದು ಕರೆಯಲು ಬಾರದು.

೪. ಒಳಗಿನ ವಿಮರ್ಶೆ: ನೀಬೂರ್

ಇದಕ್ಕಿಂತ ಆಳವಾಗಿ ನಾಟುವುದು ಒಳಗಿನಿಂದ ಬಂದ ವಿಮರ್ಶೆ. ಅಮೆರಿಕದ ಪ್ರಾಟೆಸ್ಟಂಟ್ ಪಂಡಿತ ಎಚ್. ರಿಚರ್ಡ್ ನೀಬೂರ್ ೧೯೨೯ರಲ್ಲಿ ಪಂಥಭೇದದ ಸಾಮಾಜಿಕ ಮೂಲಗಳನ್ನು ಕುರಿತು ಗ್ರಂಥವೊಂದನ್ನು ರಚಿಸಿದರು. ಸಿದ್ಧಾಂತಭೇದವೆಂದು ತೋರುವ ಎಷ್ಟೋ ಒಡಕುಗಳ ಹಿಂದೆ ವರ್ಗ, ವರ್ಣ, ರಾಷ್ಟ್ರ, ಪ್ರಾಂತಗಳ ಭೇದ ಅಡಗಿದೆ. ಲೋಕದ ಮೇಲುಕೀಳುಗಳನ್ನು ಸಭೆ ತನ್ನೊಳಕ್ಕೆ ತಂದುಕೊಂಡಿದೆ. ಇದು ಧಾರ್ಮಿಕ ಪರಾಭವ ಎಂಬುದು ಅವರ ಪ್ರತಿಪಾದನೆ.

ನಿದರ್ಶನಗಳಿಗೆ ಕೊರತೆಯಿಲ್ಲ. ಫಿಲಡೆಲ್ಫಿಯದ ಮೆಥಡಿಸ್ಟ್ ದೇವಾಲಯದಲ್ಲಿ ಅವಮಾನಕ್ಕೊಳಗಾದ ಕರಿಯರು ರಿಚರ್ಡ್ ಆಲನ್ ಎಂಬವರ ಮುಂದಾಳುತನದಲ್ಲಿ ಹೊರಬಂದು, ೧೮೧೬ರಲ್ಲಿ ಪ್ರತ್ಯೇಕ ಸಭೆಯನ್ನು ರಚಿಸಿಕೊಂಡರು. ಗುಲಾಮರನ್ನಿಟ್ಟುಕೊಂಡವರು ಮತಪ್ರಚಾರಕರಾಗಬಹುದೆ ಎಂಬ ವಿವಾದದಿಂದ ಅಲ್ಲಿನ ಬ್ಯಾಪ್ಟಿಸ್ಟರು ೧೮೪೫ರಲ್ಲಿ ಉತ್ತರ ದಕ್ಷಿಣಗಳಾಗಿ ಒಡೆದರು. ದಕ್ಷಿಣದವರ ಸಂಸ್ಥೆ ಗುಲಾಮಗಿರಿಯನ್ನು ಸಮರ್ಥಿಸಿದುದಕ್ಕಾಗಿ ಕ್ಷಮೆ ಯಾಚಿಸಿದ್ದು ೧೯೯೫ರಲ್ಲಿ. ಇಲ್ಲಿ ಗ್ರಂಥದ ವ್ಯಾಖ್ಯಾನ ನೆಪಮಾತ್ರ. ಆಲನ್ ಅವರ ಪಕ್ಷವನ್ನು ಭೇದಕಾರಿಯೆನ್ನುವುದು ಸಾಧ್ಯವೂ ಅಲ್ಲ. ಭೇದ ಅವರು ಹೊರಡುವ ಮೊದಲೇ ಒಳಗಿತ್ತು.

೫. ದಕ್ಷಿಣಭಾರತದ ಪ್ರಯೋಗ

ಯೂರೋಪಿನ ಈ ಕಲಹಗಳು ಕನ್ನಡನಾಡಿಗೆ ಬಂದ ಬಗೆ ವಿಚಿತ್ರವಾದುದು. ಬಳ್ಳಾರಿಯಲ್ಲಿ ಲಂಡನ್ ಮಿಶನ್, ಮೈಸೂರು ಸಂಸ್ಥಾನದಲ್ಲಿ ವೆಸ್ಲಿಯನ್ ಮೆಥಡಿಸ್ಟರು, ೧೮೩೪ರಿಂದ ಮಂಗಳೂರಿನಲ್ಲಿಯೂ ಅನಂತರ ಧಾರವಾಡದ ಸೀಮೆಯಲ್ಲಿಯೂ ಬಾಸೆಲ್ ಮಿಶನ್ ನೆಲೆಸಿದುವು. ಪರಸ್ಪರ ಸ್ಪರ್ಧೆ ಬೇಡವೆಂದು ಮಿಶನ್ನುಗಳು ಸೀಮೆಗಳನ್ನು ಹಂಚಿಕೊಂಡುದರಿಂದ, ಇಲ್ಲಿನ ಕ್ರೈಸ್ತನೊಬ್ಬನ ಪಂಥ ಯಾವುದೆಂಬುದು ಅವನ ವಿಚಾರದಿಂದ ನಿರ್ಣಯವಾಗದೆ ಅವನ ಊರು ಯಾವ ಜಿಲ್ಲೆಯಲ್ಲಿದೆ ಎಂಬುದರಿಂದ ನಿರ್ಣಯವಾಯಿತು. ತಾನು ಆಡದ ಜಗಳಕ್ಕೆ ಅವನು ವಾರಸುದಾರನಾದನು. ಬಾಸೆಲ್ ಮಿಶನ್ನಿನಲ್ಲಾದರೋ ವ್ಯುರ್ಟೆಂಬೆರ್ಗಿನ ಲೂಥರನರೂ ಸ್ವಿಟ್ಸರ್ಲೆಂಡಿನ ರಿಫಾರ್ಮ್ಡ್ ಪಂಥದವರೂ ಕೂಡಿ ದುಡಿಯುತ್ತಿದ್ದರು. ಮಾರ್ಬುರ್ಗಿನಲ್ಲಿ ಕೂಡದುದು ಮಂಗಳೂರಿನಲ್ಲಿ ಕೂಡಿ ನಡೆಯಿತು.

ಈ ಪರಕೀಯ ಭೇದಗಳು ತಮಗೆ ಭಾರವೆಂಬ ಅರಿವಿನಿಂದ ೧೯೧೯ರಲ್ಲಿ ಬಿಷಪ್ ವಿ. ಎಸ್. ಅಜರಯ್ಯ ಮೊದಲಾದವರು ತರಂಗಂಬಾಡಿಯಲ್ಲಿ ಸೇರಿ ಐಕ್ಯಕ್ಕೆ ಕರೆಯಿತ್ತರು. ೨೮ ವರ್ಷಗಳ ಮಾತುಕತೆಯ ಬಳಿಕ, ೧೯೪೭ರ ಸೆಪ್ಟೆಂಬರ್ ೨೭ರಂದು ಮದರಾಸಿನಲ್ಲಿ ಆಂಗ್ಲಿಕನರು, ಮೆಥಡಿಸ್ಟರು, ಹಾಗೂ ಪ್ರೆಸ್ಬಿಟೇರಿಯನ್ ಕಾಂಗ್ರಿಗೇಷನಲ್ ಪಂಥಗಳು ಕೂಡಿ ೧೯೦೮ರಲ್ಲಿ ರಚಿಸಿಕೊಂಡಿದ್ದ ಸಂಯುಕ್ತ ಸಭೆಯವರು ದಕ್ಷಿಣ ಭಾರತ ಸಭೆಯಾಗಿ ಒಂದಾದರು. ಬಿಷಪ್ಪರ ಹಸ್ತದಿಂದ ಅಭಿಷೇಕ ಪಡೆಯದ ಬೋಧಕರನ್ನು ಒಪ್ಪುವುದೆಂತು ಎಂಬುದು ಬಹುಕಾಲದ ಅಡ್ಡಿ. ಇದ್ದವರನ್ನೆಲ್ಲ ಇದ್ದಂತೆಯೇ ಅಂಗೀಕರಿಸಿ, ಮುಂದಿನ ಅಭಿಷೇಕಗಳೆಲ್ಲ ಬಿಷಪ್ಪರಿಂದಲೇ ಆಗತಕ್ಕದ್ದೆಂದು ನಿಯಮಿಸಿ ಅದನ್ನು ದಾಟಲಾಯಿತು. ಯಾರ ಹಿಂದಿನ ಸೇವೆಯೂ ಅಸಿಂಧುವೆಂದು ಘೋಷಿತವಾಗಲಿಲ್ಲ.

ಆದರೂ ಸಂಸ್ಥೆಯ ಐಕ್ಯದಿಂದ ಸರ್ವವೂ ನೆರವೇರಿತೆನ್ನುವಂತಿಲ್ಲ. ದೇವಾಲಯದಲ್ಲಿ ಜಾತಿಭೇದ ಕೂಡದೆಂದು ಬಿಷಪ್ ಡೇನಿಯಲ್ ವಿಲ್ಸನ್ ೧೮೩೩ರಲ್ಲಿ ಆಜ್ಞೆ ಹೊರಡಿಸಿದಾಗ ತಂಜಾವೂರಿನ ಸೀಮೆಯಲ್ಲಿ ಅನೇಕರು ಸಭೆಯನ್ನೇ ಬಿಟ್ಟರು. ನೀಬೂರ್ ಅಮೆರಿಕದ ವರ್ಣಭೇದದಲ್ಲಿ ಕಂಡ ವ್ಯಾಧಿಯೇ ಇಲ್ಲಿ ಜಾತಿಯ ವೇಷದಲ್ಲಿತ್ತು. ಪಂಥದ ಗೋಡೆ ಕೆಡವಿದಷ್ಟಕ್ಕೆ ಆ ಗೋಡೆ ಬೀಳುವುದಿಲ್ಲ.

೬. ಉಪಸಂಹಾರ

ಈ ಸಮೀಕ್ಷೆಯಿಂದ ಮೂರು ಅಂಶಗಳು ಹೊರಪಡುತ್ತವೆ. ಮೊದಲನೆಯದಾಗಿ, ಪಂಥಭೇದಗಳನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಬಾರದು. ಮನಸ್ಸಾಕ್ಷಿಯಿಂದ ಹುಟ್ಟಿದ ಭೇದಕ್ಕೆ ಗೌರವ ಸಲ್ಲಬೇಕು. ಆಡಳಿತಕ್ರಮದ ಭೇದವು ಸಂಧಾನಕ್ಕೆ ಒಳಪಡತಕ್ಕದ್ದು. ವರ್ಣ, ವರ್ಗ, ಜಾತಿಗಳ ಭೇದ ಮಾತ್ರ ಧರ್ಮದ ವೇಷ ಧರಿಸಿದ ಅಧರ್ಮ. ಎರಡನೆಯದಾಗಿ, ಸರ್ವಸಮ್ಮತವಾದ ತೀರ್ಪುಗಾರನಿಲ್ಲದ ಮತವು ಸಹನೆಯನ್ನು ಕಲಿಯದಿದ್ದರೆ ಒಡೆಯುತ್ತಲೇ ಹೋಗುವುದು ಸಹಜ. ಬೊಸ್ಯುಯೆಯ ಮಾತಿನಲ್ಲಿ ಉಳಿಯುವ ಸತ್ಯ ಇಷ್ಟು. ಮೂರನೆಯದಾಗಿ, ಪರರ ಸೇವೆಯನ್ನು ಅಸಿಂಧುವೆನ್ನದೆ ಒಂದೇ ಪಂಕ್ತಿಯಲ್ಲಿ ಕುಳಿತುಕೊಳ್ಳುವುದು ಸಾಧ್ಯವೆಂದು ಮದರಾಸಿನ ೧೯೪೭ರ ಘಟನೆಯೂ ಲಾಯನ್‌ಬೆರ್ಗಿನ ಒಡಂಬಡಿಕೆಯೂ ತೋರಿಸಿವೆ. ಲೂಥರನ ಕಾಲದ ಮೂಲವಿವಾದವಾದ ನೀತಿನಿರ್ಣಯ ಸಿದ್ಧಾಂತದ ಬಗ್ಗೆ ಲೂಥರನ್ ವಿಶ್ವಸಂಘವೂ ರೋಮನ್ ಕ್ಯಾಥೊಲಿಕ್ ಸಭೆಯೂ ೧೯೯೯ರ ಅಕ್ಟೋಬರ್ ೩೧ರಂದು ಔಗ್ಸ್‌ಬುರ್ಗಿನಲ್ಲಿ ಜಂಟಿ ಘೋಷಣೆಗೆ ಸಹಿಹಾಕಿದುದೂ ಇದೇ ದಿಕ್ಕಿನ ಹೆಜ್ಜೆ. ಆದರೆ ಈ ಎರಡು ಸಭೆಗಳ ಪ್ರಭುಭೋಜನದ ಪಂಕ್ತಿ ಈಗಲೂ ಬೇರೆ ಬೇರೆಯಾಗಿಯೇ ಇದೆ. ಮಾರ್ಬುರ್ಗಿನಲ್ಲಿ ಉಳಿದ ಪ್ರಶ್ನೆಯಂತೆ ಇಲ್ಲಿಯೂ ಕೊನೆಗೆ ಉಳಿದಿರುವುದು ಊಟದ ಪಂಕ್ತಿಯೇ ಎಂಬುದನ್ನು ಮತಧರ್ಮಗಳ ವಿದ್ಯಾರ್ಥಿಗಳು ಲಕ್ಷ್ಯದಲ್ಲಿಡಬೇಕು.