ಏಳು ಎಂ.ಎಲ್. ರಕ್ತದಲ್ಲಿ ಒಂದು ಹಡಗು

ಹಜೀರಾದಲ್ಲಿ ಎಲ್ಲವೂ ದೊಡ್ಡದೇ. ಸೂರತ್ ದಾಟಿ ತಾಪಿ ನದಿ ಸಮುದ್ರ ಸೇರುವ ಕಡೆಗೆ ಸಾಗಿದರೆ ಉಕ್ಕಿನ ಕಾರ್ಖಾನೆ, ಗೊಬ್ಬರದ ಕಾರ್ಖಾನೆ, ಪೆಟ್ರೋಕೆಮಿಕಲ್ ಘಟಕಗಳ ಸಾಲು. ದ್ರವರೂಪದ ನೈಸರ್ಗಿಕ ಅನಿಲ ಇಳಿಸಿಕೊಳ್ಳುವ ಟರ್ಮಿನಲ್ 2005ರಿಂದ ಇಲ್ಲಿದೆ. ಅಂಥ ಅನಿಲ ಹೊತ್ತು ತರುವ ದೊಡ್ಡ ಹಡಗುಗಳ ಉದ್ದ 300 ಮೀಟರಿನ ಆಸುಪಾಸು.

ಇದಕ್ಕೆ ತದ್ವಿರುದ್ಧವಾಗಿ ತೀರಾ ಪುಟ್ಟದು, ಲಿವರಿಗೆ ತಗಲುವ ಹೆಪಟೈಟಿಸ್-ಬಿ ವೈರಾಣು: ಅದರ ಅಡ್ಡಳತೆ 42 ನ್ಯಾನೊಮೀಟರ್. ಅಂಥ ವೈರಾಣುಗಳನ್ನು ಒಂದರ ಪಕ್ಕ ಒಂದು ಸಾಲಾಗಿ ಜೋಡಿಸಿ ಆ ಹಡಗಿನಷ್ಟು ಉದ್ದ ಮಾಡಲು ಸುಮಾರು 700 ಕೋಟಿ ಬೇಕು. ಅಷ್ಟನ್ನು ಎಲ್ಲಿಂದ ತರುವುದು ಎನ್ನುವಂತಿಲ್ಲ. ಸೋಂಕು ಜೋರಾಗಿರುವ ಒಬ್ಬರ ಒಂದು ಎಂ.ಎಲ್. ರಕ್ತದಲ್ಲೇ 100 ಕೋಟಿ ವೈರಾಣುಗಳಿರಬಹುದು. ಕೆಲವರಲ್ಲಿ ಅದಕ್ಕೂ ಹೆಚ್ಚು. ಏಳು ಎಂ.ಎಲ್. ಸಿಕ್ಕರೆ ಹಡಗಿನ ಲೆಕ್ಕ ಚುಕ್ತಾ. ಇದರ ಮೇಲೆ, ವೈರಾಣುವಿನ ಹೊರಕವಚದ ಪ್ರೋಟೀನಿನಿಂದಾದ ಟೊಳ್ಳು ಕಣಗಳೂ ರಕ್ತದಲ್ಲಿ ತೇಲುತ್ತಿರುತ್ತವೆ. ಅಸಲಿ ಒಂದಕ್ಕೆ ಟೊಳ್ಳು ಸಾವಿರಕ್ಕೂ ಹೆಚ್ಚು. ವಿಜ್ಞಾನಿ ಬ್ಲೂಮ್‌ಬರ್ಗ್ 1960ರ ದಶಕದಲ್ಲಿ ವೈರಾಣುವನ್ನು ಪತ್ತೆ ಹಚ್ಚಿ, 1976ರಲ್ಲಿ ನೊಬೆಲ್ ಪಡೆದದ್ದು ಈ ಹೊರಕವಚದ ಪ್ರೋಟೀನಿನ ಎಳೆ ಹಿಡಿದೇ.

ಮನುಷ್ಯನ ತಳಿಲಿಪಿ ಸುಮಾರು 320 ಕೋಟಿ ಅಕ್ಷರಗಳದ್ದು, ಈ ವೈರಾಣುವಿನದ್ದು ಸುಮಾರು 3,200. ಹತ್ತು ಲಕ್ಷಕ್ಕೆ ಒಂದು ಪಾಲು! ಅಷ್ಟು ಚಿಕ್ಕ ಬರಹದಲ್ಲಿ ಜೀನ್‌ಗಳಿರುವುದು ನಾಲ್ಕೇ, ಅವೂ ಜಾಗ ಸಾಲದೆ ಒಂದರ ಮೇಲೊಂದು ಹೇರಿಕೊಂಡಿವೆ.

ಈ ಪುಟ್ಟ ಬರಹ ಏನು ಮಾಡಬಲ್ಲದು ಎನ್ನುವುದಕ್ಕೆ ತೈವಾನಿನ ಲೆಕ್ಕ ನೋಡಬೇಕು. ಪಾಮರ್ ಬೀಸ್ಲಿ ಮತ್ತು ಸಂಗಡಿಗರು ಅಲ್ಲಿನ 22,707 ಪುರುಷರನ್ನು ವರ್ಷಗಟ್ಟಲೆ ಗಮನಿಸಿ 1981ರಲ್ಲಿ ವರದಿ ಪ್ರಕಟಿಸಿದರು. ಅವರಲ್ಲಿ ಸೋಂಕು ಇದ್ದವರು 3,454. ಲಿವರ್ ಕ್ಯಾನ್ಸರ್ ಬಂದದ್ದು 41 ಜನರಿಗೆ; ಆ 41ರಲ್ಲಿ 40 ಮಂದಿ ಸೋಂಕಿತರು. ಸೋಂಕಿಲ್ಲದವರಿಗೆ ಹೋಲಿಸಿದರೆ ಅಪಾಯ 223 ಪಟ್ಟು. ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ಲೋಕವೆಲ್ಲ ಬಲ್ಲದು. ಅದು ಈ ಸಂಖ್ಯೆಯ ಹತ್ತಿರಕ್ಕೂ ಬರುವುದಿಲ್ಲ.

ಗುಜರಾತಿಗೆ ಈ ವೈರಾಣುವಿನ ರುಚಿ ಸಿಕ್ಕಿದ್ದು 2009ರಲ್ಲಿ. ಅಹಮದಾಬಾದಿನಿಂದ ನೂರು ಕಿಲೋಮೀಟರ್ ಆಚೀಚೆ ಇರುವ, ಆಗ ಸಾಬರಕಾಂಠಾ ಜಿಲ್ಲೆಯಲ್ಲಿದ್ದ ಮೊಡಾಸಾ ಸುತ್ತಮುತ್ತ ಕಾಮಾಲೆ ಹಬ್ಬಿತು. 456 ಜನರಿಗೆ ರೋಗ, 89 ಸಾವು. ವಯಸ್ಕರಿಗೆ ಹಠಾತ್ತನೆ ತಗಲುವ ಹೆಪಟೈಟಿಸ್-ಬಿಯಲ್ಲಿ ಸಾಮಾನ್ಯವಾಗಿ ನೂರರಲ್ಲಿ ಒಬ್ಬರು ಸತ್ತರೆ ಹೆಚ್ಚು. ಆ ಲೆಕ್ಕಕ್ಕೆ 456ರಲ್ಲಿ ನಾಲ್ಕೈದು ಸಾವು ಆಗಬೇಕಿತ್ತು. ವಿಜ್ಞಾನಿಗಳ ತನಿಖೆ ಎರಡು ಕಡೆ ಬೆರಳು ತೋರಿತು: ರೂಪಾಂತರಗೊಂಡ ವೈರಾಣು, ಮತ್ತು ಒಬ್ಬರಿಗೆ ಚುಚ್ಚಿದ ಸೂಜಿಯನ್ನೇ ಇನ್ನೊಬ್ಬರಿಗೆ ಚುಚ್ಚುವ ಪದ್ಧತಿ. ಸೂಜಿಯ ತುದಿಯಲ್ಲಿ ಉಳಿಯುವ ರಕ್ತ ಎಷ್ಟು? ಒಂದು ಎಂ.ಎಲ್.ನ ಸಾವಿರದ ಒಂದು ಭಾಗ ಎಂದಿಟ್ಟುಕೊಳ್ಳಿ. ಅದರಲ್ಲೂ 10 ಲಕ್ಷ ವೈರಾಣುಗಳು. ರಕ್ತ ಒಣಗಿದರೂ ಅವು ಕನಿಷ್ಠ ಏಳು ದಿನ ಜೀವ ಹಿಡಿದಿರುತ್ತವೆ. ಸೂಜಿ ಚುಚ್ಚದ ಡಾಕ್ಟರು ಡಾಕ್ಟರೇ ಅಲ್ಲ ಎಂಬ ನಂಬಿಕೆ ನಮ್ಮ ಊರುಗಳಲ್ಲೇನೂ ಕಡಿಮೆಯಿಲ್ಲ, ಬಿಡಿ.

ಮೊಡಾಸಾದ ಸದ್ದು ಪತ್ರಿಕೆಗಳಲ್ಲಿ ಬಂತು. ಸದ್ದಿಲ್ಲದ ಸೋಂಕು ಬೇರೆ. ವಯಸ್ಕರಿಗೆ ತಗಲಿದರೆ ನೂರಕ್ಕೆ ತೊಂಬತ್ತೈದು ಮಂದಿ ಅದನ್ನು ಗೆದ್ದು ಹೊರಬರುತ್ತಾರೆ. ಹೆರಿಗೆಯ ಹೊತ್ತಿಗೆ ತಾಯಿಯಿಂದ ಕೂಸಿಗೆ ದಾಟಿದರೆ ಲೆಕ್ಕ ತಿರುಗಿಬೀಳುತ್ತದೆ: ನೂರರಲ್ಲಿ ತೊಂಬತ್ತು ಮಕ್ಕಳಲ್ಲಿ ಅದು ಶಾಶ್ವತವಾಗಿ ನೆಲೆ ನಿಲ್ಲುತ್ತದೆ. ನೋವಿಲ್ಲ, ಜ್ವರವಿಲ್ಲ. ನಲವತ್ತೋ ಐವತ್ತೋ ವರ್ಷವಾದ ಮೇಲೆ ಒಂದು ದಿನ ಅವರಲ್ಲಿ ಕೆಲವರ ಸ್ಕ್ಯಾನಿಂಗ್‌ನಲ್ಲಿ ಗಡ್ಡೆ ಕಾಣುತ್ತದೆ.

ಆಗ ಸರ್ಜನ್ ಬರಬೇಕು. ಲಿವರ್ ಸುಮಾರು ಒಂದೂವರೆ ಕಿಲೋ ತೂಗುವ ಅಂಗ. ನಿಮಿಷಕ್ಕೆ ಹತ್ತಿರಹತ್ತಿರ ಒಂದೂವರೆ ಲೀಟರ್, ಅಂದರೆ ದಿನಕ್ಕೆ 2,000 ಲೀಟರಿಗೂ ಮೀರಿ ರಕ್ತ ಅದರ ಮೂಲಕ ಹರಿಯುತ್ತದೆ. ಆರೋಗ್ಯವಾಗಿದ್ದರೆ ಅದರ ಶೇಕಡಾ 70ರಷ್ಟನ್ನು ಕತ್ತರಿಸಿ ತೆಗೆದರೂ ಉಳಿದ ತುಂಡು ಕೆಲವು ತಿಂಗಳಲ್ಲಿ ಬಾಳೆಯ ಬುಡದಂತೆ ಮತ್ತೆ ತುಂಬಿಕೊಳ್ಳುತ್ತದೆ. ಆದರೆ ದಶಕಗಳ ಸೋಂಕಿನಿಂದ ಗಟ್ಟಿಕಟ್ಟಿದ ಲಿವರಿಗೆ ಆ ಶಕ್ತಿ ಕುಂದಿರುತ್ತದೆ, ಹೆಚ್ಚು ಕೊಯ್ಯುವಂತಿಲ್ಲ. ಗಡ್ಡೆ ಹೋದರೂ ಉಳಿದ ಜೀವಕೋಶಗಳ ನ್ಯೂಕ್ಲಿಯಸ್‌ನಲ್ಲಿ ವೈರಾಣುವಿನ 3,200 ಅಕ್ಷರಗಳು ಉಂಗುರವಾಗಿ ಕುಳಿತೇ ಇರುತ್ತವೆ. ಅಲ್ಲಿಗೆ ಕತ್ತಿ ತಲುಪದು. ಹೀಗಾಗಿ ಆಪರೇಷನ್ ಯಶಸ್ವಿ ಎಂದವರಲ್ಲೂ ಐದಾರು ವರ್ಷದೊಳಗೆ ಅರ್ಧಕ್ಕೂ ಹೆಚ್ಚು ಮಂದಿಗೆ ಕ್ಯಾನ್ಸರ್ ಮರಳುತ್ತದೆ.

ಕತ್ತಿ ತಲುಪದ ಕಡೆ ಮಾತ್ರೆಯ ಪ್ರಭಾವ ಮುಟ್ಟುತ್ತದೆಯೇ? ಮತ್ತೆ ತೈವಾನೇ ಎಣಿಸಿ ನೋಡಿತು. ಈ ಸೋಂಕಿದ್ದು ಲಿವರ್ ಕ್ಯಾನ್ಸರಿನ ಆಪರೇಷನ್ ಆದ 4,569 ಜನರ ದಾಖಲೆಗಳ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಆಪರೇಷನ್ ನಂತರ ವೈರಾಣು ತಡೆಯುವ ಮಾತ್ರೆ ಪಡೆದವರು ಅವರಲ್ಲಿ 518 ಮಂದಿ. ಆರು ವರ್ಷಗಳಲ್ಲಿ ಸಾವು, ಮಾತ್ರೆ ಪಡೆಯದವರಲ್ಲಿ ಶೇ 42.4, ಪಡೆದವರಲ್ಲಿ ಶೇ 29. ಕ್ಯಾನ್ಸರ್ ಮರಳಿದ್ದು ಶೇ 54.6ಕ್ಕೆ ಎದುರು ಶೇ 45.6. ಮಾತ್ರೆ ವೈರಾಣುವನ್ನು ಬೇರುಸಹಿತ ಕೀಳುವುದಿಲ್ಲ, ಹೆಚ್ಚಾಗದಂತೆ ತಡೆಯುತ್ತದೆ ಅಷ್ಟೇ. ಆ ‘ಅಷ್ಟೇ’ಯ ಬೆಲೆ ನೂರಕ್ಕೆ ಹದಿಮೂರು ಜೀವ.

ಭಾರತದಲ್ಲಿ 2018ರಿಂದ ರಾಷ್ಟ್ರೀಯ ಕಾರ್ಯಕ್ರಮದಡಿ ಪರೀಕ್ಷೆಯೂ ಮಾತ್ರೆಯೂ ಉಚಿತ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಇಲ್ಲಿ 2.98 ಕೋಟಿ ಜನರೊಳಗೆ ಈ ವೈರಾಣು ನೆಲೆಸಿತ್ತು. ಅವರಲ್ಲಿ ರೋಗ ಪತ್ತೆಯಾಗಿದ್ದದ್ದು ಶೇ 2.4ರಷ್ಟು ಜನರಲ್ಲಿ, ಅಂದರೆ ಏಳು ಲಕ್ಷದ ಚಿಲ್ಲರೆ. ಉಳಿದ 2.9 ಕೋಟಿ, ಅಂದರೆ ಹತ್ತಿರಹತ್ತಿರ ಅರ್ಧ ಕರ್ನಾಟಕದಷ್ಟು ಜನ, ಲೆಕ್ಕದ ಪುಸ್ತಕಕ್ಕೇ ಬಂದಿರಲಿಲ್ಲ. ಬೆರಳ ತುದಿಯ ರಕ್ತದಿಂದ ಮಾಡುವ ಈ ಪರೀಕ್ಷೆಗೆ ಹಿಡಿಯುವ ಸಮಯ ಅರ್ಧ ಗಂಟೆಗಿಂತ ಕಡಿಮೆ.