ಒಂದೆಡೆ ಜಮೆ, ಇನ್ನೊಂದೆಡೆ ಖರ್ಚು: ಇ-ಸಿಗರೇಟಿನ ವಿನ್ಯಾಸದಿಂದ ಕಿರು ಉದ್ಯಮಿಗೆ ಪಾಠ

ಯಾವುದೇ ಉತ್ಪನ್ನದ ವಿನ್ಯಾಸವೂ ಒಂದು ಜಮಾ-ಖರ್ಚಿನ ಪುಸ್ತಕವೇ ಸರಿ. ಒಂದು ಪುಟದಲ್ಲಿ ಗಳಿಸಿದ್ದನ್ನು ಇನ್ನೊಂದು ಪುಟದಲ್ಲಿ ತೆರಬೇಕಾಗುತ್ತದೆ. ಬೆರಳುದ್ದದ ಕೊಳವೆಯಲ್ಲಿ ಬ್ಯಾಟರಿ, ಕಾಯುವ ತಂತಿ, ಬತ್ತಿ ಹಾಗೂ ದ್ರವಗಳನ್ನು ಅಡಗಿಸಿಟ್ಟ ವಿದ್ಯುನ್ಮಾನ ಸಿಗರೇಟಿನಲ್ಲಿ ಈ ಮಾತು ಬಹು ಸ್ಪಷ್ಟವಾಗಿ ಕಾಣುತ್ತದೆ.

ಈ ವಸ್ತು ನಮ್ಮಲ್ಲಿ ನಿಷಿದ್ಧವೆಂಬುದನ್ನು ಮೊದಲೇ ಹೇಳಬೇಕು. ಕರ್ನಾಟಕ ಸರ್ಕಾರವು 2016ರಲ್ಲೇ ಇದರ ಮಾರಾಟವನ್ನು ನಿಷೇಧಿಸಿತು. ಕೇಂದ್ರ ಸರ್ಕಾರವು 2019ರ ಸೆಪ್ಟೆಂಬರ್‌ನಲ್ಲಿ ಸುಗ್ರೀವಾಜ್ಞೆ ಹೊರಡಿಸಿ, ಡಿಸೆಂಬರ್‌ನಲ್ಲಿ ಅದನ್ನು ಅಧಿನಿಯಮವಾಗಿಸಿತು. ಆದರೂ ಇದರ ಒಳರಚನೆಯನ್ನು ಅರಿಯುವುದರಿಂದ ಎರಡು ಪ್ರಯೋಜನಗಳಿವೆ. ಬ್ಯಾಟರಿಯಿಂದ ಶಾಖ ಪಡೆಯುವ ಯಾವುದೇ ಉಪಕರಣವನ್ನು ತಯಾರಿಸುವವರಿಗೆ ಇಲ್ಲಿ ಪಾಠವಿದೆ. ಬಿಡಿಭಾಗಗಳ ಜಾಬ್ ವರ್ಕ್ ಮಾಡುವವರಿಗೆ ಎಚ್ಚರಿಕೆಯೂ ಇದೆ.

ಹಿನ್ನೆಲೆ

ಹೊಗೆರಹಿತ ಸಿಗರೇಟಿಗೆ ಅಮೆರಿಕದ ಹರ್ಬರ್ಟ್ ಗಿಲ್ಬರ್ಟ್ 1965ರಲ್ಲೇ ಪೇಟೆಂಟ್ ಪಡೆದಿದ್ದರೂ ಅದು ಮಾರುಕಟ್ಟೆಯಲ್ಲಿ ನೆಲೆಯೂರಲಿಲ್ಲ. ಇಂದಿನ ಮಾದರಿಗೆ ನಾಂದಿ ಹಾಡಿದವರು ಚೀನಾದ ಔಷಧಶಾಸ್ತ್ರಜ್ಞ ಹೊನ್ ಲಿಕ್; ಅವರ ಸಾಧನ ರೂಪುಗೊಂಡದ್ದು 2003ರಲ್ಲಿ. ಅವರು ದ್ರವವನ್ನು ಶ್ರವಣಾತೀತ ಕಂಪನದಿಂದ ಹನಿಗಳಾಗಿಸುವ ವಿಧಾನವನ್ನು ಅನುಸರಿಸಿದರು. ಅನಂತರ ಸರಳವಾದ ಹಾಗೂ ಅಗ್ಗವಾದ ಕಾಯುವ ತಂತಿಯೇ ಜಯಗಳಿಸಿತು. ಶೆನ್‌ಜೆನ್ ನಗರವು ಈ ತಯಾರಿಕೆಯ ಜಾಗತಿಕ ಕೇಂದ್ರವಾಯಿತು.

ವ್ಯಾಟ್‌ನ ಲೆಕ್ಕ

ಲಿಥಿಯಂ ಅಯಾನ್ ಕೋಶದ ಸರಾಸರಿ ವೋಲ್ಟೇಜು 3.7. ವೋಲ್ಟೇಜಿನ ವರ್ಗವನ್ನು ತಂತಿಯ ರೋಧದಿಂದ ಭಾಗಿಸಿದರೆ ವ್ಯಾಟ್ ದೊರೆಯುತ್ತದೆ. ತಂತಿಯ ರೋಧ 1.8 ಓಮ್ ಇದ್ದರೆ ಸುಮಾರು 7.6 ವ್ಯಾಟ್, ಬ್ಯಾಟರಿಯಿಂದ ಹರಿಯುವ ವಿದ್ಯುತ್ತು 2 ಆಂಪಿಯರ್ ಮಾತ್ರ. ರೋಧವನ್ನು 0.5 ಓಮ್‌ಗೆ ಇಳಿಸಿದರೆ 27 ವ್ಯಾಟ್, 7.4 ಆಂಪಿಯರ್. 0.2 ಓಮ್‌ಗೆ ಇಳಿಸಿದರೆ 68 ವ್ಯಾಟ್, 18.5 ಆಂಪಿಯರ್. ಆವಿ ಹೆಚ್ಚುತ್ತದೆ, ಗ್ರಾಹಕ ಮೆಚ್ಚುತ್ತಾನೆ. ಆದರೆ ಅದರ ಬಿಲ್ಲು ಬ್ಯಾಟರಿಯ ಹೆಸರಿಗೆ ಬರುತ್ತದೆ.

18 ಮಿ.ಮೀ. ವ್ಯಾಸ, 65 ಮಿ.ಮೀ. ಉದ್ದದ ಒಂದೇ ಅಳತೆಯ ಕೋಶಗಳಲ್ಲಿಯೂ ಎರಡು ಬಗೆಗಳಿವೆ. ವಿದ್ಯುದ್ವಾರಗಳ ಲೇಪನವನ್ನು ದಪ್ಪವಾಗಿಸಿದರೆ ಸಂಗ್ರಹ ಹೆಚ್ಚುತ್ತದೆ, ಆದರೆ ಒಮ್ಮೆಲೇ ಹೆಚ್ಚು ವಿದ್ಯುತ್ತನ್ನು ಕೊಡಲಾರದು. ಲೇಪನ ತೆಳುವಾದರೆ ವಿದ್ಯುತ್ತು ಧಾರಾಳವಾಗಿ ಹರಿಯುತ್ತದೆ, ಸಂಗ್ರಹ ತಗ್ಗುತ್ತದೆ. ಹೆಚ್ಚು ಮಿಲಿ ಆಂಪಿಯರ್ ಗಂಟೆ ನಮೂದಿಸಿದ ಕೋಶವೇ ಉತ್ತಮವೆಂದು ಕೊಳ್ಳುವವರು ಇಲ್ಲಿ ಎಡವುತ್ತಾರೆ. 10 ಆಂಪಿಯರ್‌ಗೆ ನಿಗದಿಯಾದ ಕೋಶದಿಂದ 18 ಆಂಪಿಯರ್ ಎಳೆದರೆ ಅದು ಮಿತಿಮೀರಿ ಕಾದು, ಉರಿದುಹೋಗುವ ಅಪಾಯವೂ ಉಂಟು.

ಬಾಳಿಕೆಯ ಲೆಕ್ಕವನ್ನೂ ನೋಡೋಣ. 2,500 ಮಿಲಿ ಆಂಪಿಯರ್ ಗಂಟೆಯ ಕೋಶದಲ್ಲಿ ಸುಮಾರು 9 ವ್ಯಾಟ್ ಗಂಟೆ ಶಕ್ತಿಯಿರುತ್ತದೆ. ಪೋಲಾಗುವುದನ್ನು ಬಿಟ್ಟು ಲೆಕ್ಕ ಹಾಕಿದರೆ 10 ವ್ಯಾಟ್‌ನಲ್ಲಿ ತಲಾ 3 ಸೆಕೆಂಡಿನ 1,080 ಸೇದುಗಳು. 30 ವ್ಯಾಟ್‌ನಲ್ಲಿ ಕೇವಲ 360.

ಬತ್ತಿಯ ಮಿತಿ

ವ್ಯಾಟ್ ಹೆಚ್ಚಿಸಿದಷ್ಟಕ್ಕೆ ಕಾರ್ಯವಾಗದು. ಹತ್ತಿಯ ಬತ್ತಿಯು ದ್ರವವನ್ನು ಹೀರಿ ತಂತಿಗೆ ಒದಗಿಸಬೇಕು. ದ್ರವದ ಮುಖ್ಯ ಘಟಕಗಳಾದ ಪ್ರೊಪಿಲೀನ್ ಗ್ಲೈಕಾಲ್ 188 ಡಿಗ್ರಿಯಲ್ಲೂ ಗ್ಲಿಸರಿನ್ 290 ಡಿಗ್ರಿ ಸೆಲ್ಸಿಯಸ್‌ನಲ್ಲೂ ಕುದಿಯುತ್ತವೆ. ದ್ರವವಿರುವ ತನಕ ಶಾಖವು ಆವಿಯಾಗಿಸುವುದರಲ್ಲಿ ವ್ಯಯವಾಗುತ್ತದೆ. ಪೂರೈಕೆಗಿಂತ ಬೇಡಿಕೆ ಮೀರಿದೊಡನೆ ಬತ್ತಿ ಒಣಗಿ, ತಂತಿಯ ತಾಪ ಏರಿ, ಫಾರ್ಮಾಲ್ಡಿಹೈಡ್, ಅಕ್ರೋಲೀನ್‌ಗಳಂತಹ ವಿಷಕಾರಿ ಪದಾರ್ಥಗಳು ಹುಟ್ಟುತ್ತವೆ. ತಂತಿಯನ್ನು ದಪ್ಪವಾಗಿಸಿ, ಸುತ್ತು ಹೆಚ್ಚಿಸಿ ಶಾಖವನ್ನು ಹರಡಬಹುದು. ಆದರೆ ಅಷ್ಟು ಲೋಹ ಕಾಯಲು ತಡವಾಗುತ್ತದೆ.

ನಿಯಂತ್ರಣದ ವೆಚ್ಚ

ಪೂರ್ಣ ಚಾರ್ಜಾದ ಕೋಶದ ವೋಲ್ಟೇಜು 4.2. ಅದು 3.3ಕ್ಕೆ ಇಳಿಯುವಾಗ ಅದೇ ತಂತಿಯಲ್ಲಿ ವ್ಯಾಟ್ ಶೇ. 38ರಷ್ಟು ಕುಸಿಯುತ್ತದೆ. ಇದನ್ನು ಸಮಸ್ಥಿತಿಯಲ್ಲಿಡಲು ಸರ್ಕ್ಯೂಟ್ ಬೋರ್ಡ್ ಬೇಕು. ಬೋರ್ಡಿಗೆ ಜಾಗ ಬೇಕು, ಹಣ ಬೇಕು. ಶಕ್ತಿಯ ಒಂದಂಶ ಅಲ್ಲಿಯೇ ಶಾಖವಾಗಿ ಪೋಲಾಗುತ್ತದೆ.

ತಾಪವನ್ನು ಅಳೆಯಲು ಪ್ರತ್ಯೇಕ ಸಂವೇದಕವಿಲ್ಲದೆಯೂ ದಾರಿಯಿದೆ. ನಿಕ್ಕಲ್ ತಂತಿಯ ರೋಧವು ಪ್ರತಿ ಡಿಗ್ರಿಗೆ ಸುಮಾರು ಶೇ. 0.6ರಷ್ಟು ಏರುತ್ತದೆ, ಬೋರ್ಡು ರೋಧವನ್ನು ಅಳೆದು ತಾಪವನ್ನು ಅಂದಾಜಿಸಿ, ಮಿತಿ ಮೀರಿದಾಗ ವಿದ್ಯುತ್ತನ್ನು ತಗ್ಗಿಸುತ್ತದೆ. ಅಗ್ಗವೂ ಗಟ್ಟಿಮುಟ್ಟೂ ಆದ ಕಾಂಥಾಲ್ ತಂತಿಯ ರೋಧವು ತಾಪದೊಂದಿಗೆ ಬದಲಾಗುವುದು ಅತ್ಯಲ್ಪ. ಆದ್ದರಿಂದ ಈ ಉಪಾಯಕ್ಕೆ ಅದು ಒದಗದು. ನಿಕ್ಕಲ್ಲೋ ಮೃದು, ರೋಧವೂ ಕಡಿಮೆ. ಜೋಡಣೆಯ ಸಣ್ಣ ಲೋಪವೂ ಅಳತೆಯನ್ನು ಕೆಡಿಸುತ್ತದೆ.

ಬೋರ್ಡನ್ನೇ ಕೈಬಿಟ್ಟ ಮಾದರಿಗಳೂ ಬಂದವು. ಅವುಗಳಲ್ಲಿ ಶಾರ್ಟ್ ಸರ್ಕ್ಯೂಟ್ ಆದರೆ ತಡೆಯುವವರಿಲ್ಲ. ಬ್ಯಾಟರಿಯ ಬೆಂಕಿಯ ಭಯದಿಂದಲೇ 2015ರಲ್ಲಿ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು ವಿಮಾನದ ಚೆಕ್-ಇನ್ ಸಾಮಾನಿನಲ್ಲಿ ಇ-ಸಿಗರೇಟುಗಳನ್ನು ನಿಷೇಧಿಸಿತು.

ಪುಸ್ತಕದಲ್ಲಿ ಕಾಣದ ಖರ್ಚು

ಒಮ್ಮೆ ಬಳಸಿ ಎಸೆಯುವ ಮಾದರಿಯು ಉಳಿತಾಯದ ಪರಾಕಾಷ್ಠೆ. ಅನೇಕ ಮಾದರಿಗಳಲ್ಲಿ ಚಾರ್ಜಿಂಗ್ ವ್ಯವಸ್ಥೆಯನ್ನು ಕೈಬಿಟ್ಟು, ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಲಿಥಿಯಂ ಕೋಶವನ್ನೇ ಒಂದು ಸಲದ ಬಳಕೆಗೆ ಹಾಕಿದರು. ತಯಾರಕನ ಖರ್ಚು ತಗ್ಗಿತು; ಕಸ ವಿಲೇವಾರಿಯ ಹಾಗೂ ಕಸದ ಲಾರಿಗೆ ಬೆಂಕಿ ತಗಲುವ ನಷ್ಟ ನಗರಸಭೆಗಳ ತಲೆಗೆ ಬಿತ್ತು. ಕೊನೆಗೆ ಬ್ರಿಟನ್ 2025ರ ಜೂನ್ 1ರಿಂದ ಇವುಗಳ ಮಾರಾಟವನ್ನೇ ನಿಷೇಧಿಸಿತು. ಪರರ ಖಾತೆಗೆ ದಾಟಿಸಿದ ಖರ್ಚು ಕಾನೂನಿನ ರೂಪದಲ್ಲಿ ಮರಳಿ ಬಂದಿತು.

ನಮ್ಮ ಸದಸ್ಯರು ಗಮನಿಸಬೇಕಾದುದು

ಮೊದಲನೆಯದಾಗಿ, 2019ರ ಅಧಿನಿಯಮವು ಇಡೀ ಸಾಧನಕ್ಕೆ ಸೀಮಿತವಲ್ಲ; ಅದರ ಯಾವುದೇ ಭಾಗದ ತಯಾರಿಕೆ, ಆಮದು, ರಫ್ತು, ಸಾಗಣೆ ಹಾಗೂ ಮಾರಾಟಕ್ಕೂ ಅನ್ವಯಿಸುತ್ತದೆ. ಮೊದಲ ಅಪರಾಧಕ್ಕೆ ಒಂದು ವರ್ಷದವರೆಗೆ ಸೆರೆವಾಸ ಅಥವಾ 1 ಲಕ್ಷ ರೂ.ವರೆಗೆ ದಂಡ ಅಥವಾ ಎರಡೂ. ಪುನರಾವರ್ತನೆಯಾದರೆ ಮೂರು ವರ್ಷದವರೆಗೆ ಸೆರೆವಾಸ ಮತ್ತು 5 ಲಕ್ಷ ರೂ.ವರೆಗೆ ದಂಡ. ದಾಸ್ತಾನು ಇಡುವುದೂ ಅಪರಾಧ. ಸಣ್ಣ ಸುರುಳಿ ತಂತಿ ಅಥವಾ ಲೋಹದ ಕೊಳವೆಗಳ ಆರ್ಡರ್ ಬಂದಾಗ ಅಂತಿಮ ಬಳಕೆ ಏನೆಂಬುದನ್ನು ಲಿಖಿತವಾಗಿ ಪಡೆಯುವುದು ಕ್ಷೇಮ.

ಎರಡನೆಯದಾಗಿ, ಟಾರ್ಚ್, ಬೆಸುಗೆ ಕಡ್ಡಿ, ಕಾಯುವ ಪಟ್ಟಿ ಇತ್ಯಾದಿ ತಯಾರಕರು ಕೋಶ ಕೊಳ್ಳುವಾಗ ಬೆಲೆ ಮತ್ತು ಸಂಗ್ರಹದ ಜೊತೆಗೆ ನಿರಂತರ ಆಂಪಿಯರ್ ಮಿತಿಯನ್ನೂ ಐಎಸ್ 16046ರ ನೋಂದಣಿಯನ್ನೂ ಪರಿಶೀಲಿಸಬೇಕು.

ಮೂರನೆಯದಾಗಿ, ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಪ್ರಕಾರ ವಿನ್ಯಾಸದ ದೋಷದಿಂದಾದ ಹಾನಿಗೆ ತಯಾರಕನು ಪರಿಹಾರ ನೀಡಬೇಕಾಗುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಉತ್ಪಾದಕರ ಮೇಲೂ ಆಮದುದಾರರ ಮೇಲೂ ಹಳೆಯ ಬ್ಯಾಟರಿಗಳ ಹೊಣೆಯನ್ನು ಹೊರಿಸಿವೆ. ಆದ್ದರಿಂದ ವೆಚ್ಚಪಟ್ಟಿ ಸಿದ್ಧಪಡಿಸುವಾಗ ರಕ್ಷಣಾ ಬೋರ್ಡಿನ ಕೆಲವು ರೂಪಾಯಿಗಳನ್ನು ಹೊಡೆದುಹಾಕುವ ಮುನ್ನ, ಅದರೆದುರು ವಾರಂಟಿ, ಪರಿಹಾರ ಮತ್ತು ವಿಲೇವಾರಿಗಳ ಮೊತ್ತವನ್ನೂ ಬರೆದು ಕೂಡಿ ನೋಡುವುದು ವಿಹಿತ.